ಬೆಲ್ಲ ನಮ್ಮ ಮನೆಯ ಸಿಹಿ



ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಮೂರು ಕಿಲೋ ಬೆಲ್ಲ ಹಾಳಾಯಿತು.

ಗೌರಿ ಹಬ್ಬಕ್ಕೆ ಹೋಳಿಗೆ ಮಾಡೋಣ ಅಂತ ಅಟ್ಟದಿಂದ ಡಬ್ಬ ಇಳಿಸಿದೆವು. ಮುಚ್ಚಳ ತೆಗೆದೆವು. ಹುಳಿ ವಾಸನೆ ಬಂತು. ಬೆಲ್ಲದ ಅಚ್ಚುಗಳು ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಮೇಲೆ ಬಿಳಿ ಬೂಷ್ಟು ಬಂದಿತ್ತು. ಎಲ್ಲಾ ತಿಪ್ಪೆಗೆ ಹೋಯಿತು. ಕೂಲಿ ಮಾಡಿ ಗಳಿಸಿದ ದುಡ್ಡು ಅದು. ಹೊಟ್ಟೆ ಉರಿಯಿತು.

ಅತ್ತೆಗೂ ಆಶ್ಚರ್ಯ. ಅವರು ಹೇಳಿದರು, "ನಮ್ಮ ಕಾಲದಲ್ಲೂ ಅಟ್ಟದ ಮೇಲೇ ಇಡ್ತಿದ್ದೆವಮ್ಮ. ಒಂದು ವರ್ಷವೂ ಹೀಗೆ ಆಗಿರಲಿಲ್ಲ."

ಅದೇ ಅಟ್ಟ. ಅದೇ ಬೆಲ್ಲ. ಹಾಗಾದರೆ ಯಾಕೆ ಕೆಟ್ಟಿತು?

ಯೋಚನೆ ಮಾಡಿದೆವು. ಆಮೇಲೆ ಹೊಳೆಯಿತು. ಅತ್ತೆಯ ಕಾಲದಲ್ಲಿ ಅಟ್ಟದ ಕೆಳಗೆ ಸೌದೆ ಒಲೆ ಇತ್ತು. ಬೆಳಗ್ಗೆ, ಸಂಜೆ ಒಲೆ ಉರಿಯುತ್ತಿತ್ತು. ಅದರ ಬಿಸಿ ಅಟ್ಟಕ್ಕೆ ತಾಗುತ್ತಿತ್ತು. ಮಳೆಗಾಲದಲ್ಲೂ ಅಟ್ಟ ಒಣಗಿರುತ್ತಿತ್ತು. ಈಗ ನಮ್ಮ ಮನೆಗೆ ಗ್ಯಾಸ್ ಬಂದಿದೆ. ಹೊಗೆ ಹೋಯಿತು, ಕಣ್ಣುರಿ ಹೋಯಿತು. ಒಳ್ಳೆಯದೇ ಆಯಿತು. ಆದರೆ ಅಟ್ಟದ ಬಿಸಿಯೂ ಹೋಯಿತು. ಅಟ್ಟಕ್ಕೆ ತೇವ ಬಂತು.

ಒಲೆ ಬದಲಾಯಿತು. ಬೆಲ್ಲ ಇಡುವ ರೀತಿಯನ್ನು ನಾವು ಬದಲಾಯಿಸಲಿಲ್ಲ. ತಪ್ಪು ಅಲ್ಲಿತ್ತು.

ಅದಕ್ಕೇ ಈ ಪಾಠ. ಬೆಲ್ಲವನ್ನು ಹೇಗೆ ಆರಿಸಬೇಕು? ಹೇಗೆ ಇಡಬೇಕು? ಅಡಿಗೆಗೆ ಹೇಗೆ ಬಳಸಬೇಕು? ಬನ್ನಿ, ಒಂದೊಂದಾಗಿ ತಿಳಿಯೋಣ.

ಬೆಲ್ಲ ಹೇಗೆ ಆಗುತ್ತದೆ?

ಮಂಡ್ಯದ ಕಡೆ ಹೋದರೆ ದಾರಿಯ ಪಕ್ಕದಲ್ಲೇ ಆಲೆಮನೆ ಕಾಣುತ್ತದೆ. ದೂರದಿಂದಲೇ ಸಿಹಿ ವಾಸನೆ ಬರುತ್ತದೆ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲೂ ಬೆಲ್ಲ ಹೆಚ್ಚು. ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದ ಬೆಲ್ಲದ ಪೇಟೆ ಹೆಸರಾದದ್ದು.

ಆಲೆಮನೆಯಲ್ಲಿ ಮೊದಲು ಕಬ್ಬನ್ನು ಗಾಣಕ್ಕೆ ಕೊಡುತ್ತಾರೆ. ಹಾಲು ಬರುತ್ತದೆ. ಕಬ್ಬಿನ ರಸಕ್ಕೆ ಕಬ್ಬಿನ ಹಾಲು ಅಂತ ಹೇಳುತ್ತೇವೆ. ಆ ಹಾಲನ್ನು ಸೋಸಿ ದೊಡ್ಡ ಕೊಪ್ಪರಿಗೆಗೆ ಹಾಕಿ ಕಾಯಿಸುತ್ತಾರೆ. ಒಣಗಿದ ಕಬ್ಬಿನ ಸಿಪ್ಪೆಯೇ ಉರುವಲು.

ಹಾಲಿಗೆ ಸ್ವಲ್ಪ ಸುಣ್ಣದ ತಿಳಿ ಹಾಕುತ್ತಾರೆ. ಕೆಲವು ಕಡೆ ಬೆಂಡೆ ಗಿಡದ ಲೋಳೆ ಹಾಕುತ್ತಾರೆ. ಆಗ ಕೊಳೆ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ಹಾಕುತ್ತಾರೆ. ಹಾಲು ಕುದಿದು ಕುದಿದು ಗಟ್ಟಿ ಪಾಕ ಆಗುತ್ತದೆ. ಪಾಕವನ್ನು ಅಚ್ಚಿಗೆ ಹೊಯ್ದರೆ ಅಚ್ಚು ಬೆಲ್ಲ. ಉಂಡೆ ಕಟ್ಟಿದರೆ ಉಂಡೆ ಬೆಲ್ಲ. ದೊಡ್ಡದಾಗಿ ಕಟ್ಟಿದರೆ ಪೆಂಟೆ ಬೆಲ್ಲ. ಮಲೆನಾಡಿನ ಕಡೆ ಪಾಕವನ್ನು ಪೂರ್ತಿ ಗಟ್ಟಿ ಮಾಡದೆ ಇಳಿಸುತ್ತಾರೆ. ಅದು ಜೋನಿ ಬೆಲ್ಲ. ದೋಸೆಗೆ ನೆಂಚಿಕೊಳ್ಳಲು ಬಲು ರುಚಿ.

ನೂರು ಕಿಲೋ ಕಬ್ಬಿಗೆ ಸುಮಾರು ಹತ್ತು ಕಿಲೋ ಬೆಲ್ಲ ಸಿಗುತ್ತದೆ. ಕಬ್ಬು ಕಡಿದವರು, ಹೊತ್ತವರು, ಬೆಂಕಿಯ ಮುಂದೆ ನಿಂತವರು, ಎಷ್ಟೋ ಜನರ ಬೆವರು ಒಂದು ಅಚ್ಚು ಬೆಲ್ಲದಲ್ಲಿ ಇದೆ. ಅದನ್ನು ಹಾಳು ಮಾಡಬಾರದು.

ಸಕ್ಕರೆಯೂ ಕಬ್ಬಿನಿಂದಲೇ ಬರುತ್ತದೆ. ಆದರೆ ಸಕ್ಕರೆ ಮಾಡುವಾಗ ಕಾಕಂಬಿಯನ್ನು ಬೇರೆ ಮಾಡುತ್ತಾರೆ. ಬೆಲ್ಲದಲ್ಲಿ ಅದು ಉಳಿದಿರುತ್ತದೆ. ಬೆಲ್ಲದ ಬಣ್ಣ, ಪರಿಮಳ ಅದರಿಂದಲೇ. ಪೇಟೆಯಲ್ಲಿ ಬ್ರೌನ್ ಶುಗರ್ ಅಂತ ಕಂದು ಸಕ್ಕರೆ ಮಾರುತ್ತಾರೆ. ಅದರಲ್ಲೂ ಇರುವುದು ಸಕ್ಕರೆ ಮತ್ತು ಸ್ವಲ್ಪ ಕಾಕಂಬಿ. ಅದಕ್ಕೆ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ. ನಮ್ಮ ಅಡಿಗೆಗೆ ನಮ್ಮ ಬೆಲ್ಲವೇ ಸಾಕು.

ಹಳದಿ ಬಣ್ಣಕ್ಕೆ ಮರುಳಾಗಬೇಡಿ

ಅಂಗಡಿಯಲ್ಲಿ ಎರಡು ಬೆಲ್ಲ ಇದೆ. ಒಂದು ಹಳದಿಯಾಗಿ ಹೊಳೆಯುತ್ತದೆ. ಇನ್ನೊಂದು ಕಂದು ಬಣ್ಣ. ನಾವು ಯಾವುದನ್ನು ಕೇಳುತ್ತೇವೆ? ಹಳದಿಯದನ್ನೇ. ನೋಡಲು ಚೆಂದ ಅಲ್ಲವೇ?

ಆದರೆ ಕಬ್ಬಿನ ಹಾಲು ಕುದಿದಾಗ ತಾನಾಗಿ ಅಷ್ಟು ಹಳದಿ ಆಗುವುದು ಅಪರೂಪ. ಬಣ್ಣ ತಿಳಿ ಮಾಡಲು ಕೆಲವರು ಹೈಡ್ರೋಸ್ ಎಂಬ ರಾಸಾಯನಿಕ ಪುಡಿ ಹಾಕುತ್ತಾರೆ. ಅದರಲ್ಲಿ ಗಂಧಕ ಇದೆ. ಗಂಧಕದ ಅಂಶ ಹೆಚ್ಚಾದರೆ ಒಳ್ಳೆಯದಲ್ಲ. ಉಬ್ಬಸ ಇರುವವರಿಗೆ ಅದರಿಂದ ಉಸಿರಾಟದ ತೊಂದರೆ ಆಗಬಹುದು. ಬೆಲ್ಲದಲ್ಲಿ ಗಂಧಕದ ಅಂಶ ಎಷ್ಟರ ಒಳಗೆ ಇರಬೇಕು ಎಂದು ಕಾನೂನು ಮಿತಿ ಹಾಕಿದೆ.

ಇದರಲ್ಲಿ ನಮ್ಮ ತಪ್ಪೂ ಇದೆ. ನಾವು ಹಳದಿ ಕೇಳುತ್ತೇವೆ. ಅದಕ್ಕೆ ಅವರು ಹಳದಿ ಮಾಡುತ್ತಾರೆ. ನಾವು ಕಂದು ಬೆಲ್ಲ ಕೇಳಿದರೆ ಕಂದು ಬೆಲ್ಲ ಬರುತ್ತದೆ.

ಬಣ್ಣ ಒಂದನ್ನೇ ನೋಡಿದರೆ ಸಾಲದು. ಕಬ್ಬಿನ ತಳಿ, ಹೊಲದ ಮಣ್ಣು ಇವುಗಳಿಂದಲೂ ಬಣ್ಣ ಬೇರೆ ಆಗುತ್ತದೆ. ತೀರಾ ಕಪ್ಪಾಗಿದ್ದರೆ ಪಾಕ ಸೀದಿರಬಹುದು, ಇಲ್ಲವೇ ಬೆಲ್ಲ ಹಳೆಯದಿರಬಹುದು. ಅದಕ್ಕೆ ಕೈ, ಮೂಗು, ನಾಲಿಗೆ ಮೂರನ್ನೂ ಬಳಸಿ.

ಕೈಯಲ್ಲಿ ಹಿಡಿಯಿರಿ. ಜಿಗುಟು ಇರಬಾರದು. ಮುರಿಯಿರಿ. ಗಟ್ಟಿಯಾಗಿರಬೇಕು, ಒಳಗೆ ತೇವ ಇರಬಾರದು. ಮೂಸಿ ನೋಡಿ. ಹುಳಿ ವಾಸನೆ ಇರಬಾರದು. ಚೂರು ಬಾಯಿಗೆ ಹಾಕಿ. ಉಪ್ಪುಪ್ಪು, ಕಹಿ, ಹುಳಿ ಇರಬಾರದು. ಮರಳು ಕರಕರ ಅನ್ನಬಾರದು.

ಮನೆಗೆ ತಂದ ಮೇಲೆ ಒಂದು ಚೂರನ್ನು ಗಾಜಿನ ಲೋಟದ ನೀರಿಗೆ ಹಾಕಿ ಕರಗಿಸಿ. ಸ್ವಲ್ಪ ಹೊತ್ತು ಬಿಡಿ. ತಳದಲ್ಲಿ ಬಿಳಿ ಪುಡಿ ಕೂತರೆ ಸೀಮೆಸುಣ್ಣದ ಪುಡಿ ಬೆರೆಸಿರಬಹುದು. ಮರಳು ಇದ್ದರೂ ಕಾಣುತ್ತದೆ. ಹೈಡ್ರೋಸ್ ಮಾತ್ರ ಹೀಗೆ ಕಾಣುವುದಿಲ್ಲ.

ಪೊಟ್ಟಣದ ಮೇಲೆ ಓದಿ

ಬೆಲ್ಲವನ್ನು ಪೊಟ್ಟಣದಲ್ಲೂ ಮಾರುತ್ತಾರೆ. ಮೊದಲು ನಾವು ಪೊಟ್ಟಣದ ಚಿತ್ರ ನೋಡಿ ಕೊಳ್ಳುತ್ತಿದ್ದೆವು. ಈಗ ನಮಗೆ ಓದಲು ಬರುತ್ತದೆ. ಅಂಕಿ ಗೊತ್ತು. ಓದಿಯೇ ಕೊಳ್ಳೋಣ.

ಏನೇನು ನೋಡಬೇಕು?

ತೂಕ ಎಷ್ಟು? ಬೆಲೆ ಎಷ್ಟು? ಕೆಲವು ಪೊಟ್ಟಣ ನೋಡಲು ಒಂದು ಕಿಲೋದಂತೆ ಇರುತ್ತದೆ. ಓದಿದರೆ 900 ಗ್ರಾಂ ಅಂತ ಬರೆದಿರುತ್ತದೆ.

ಯಾವ ತಿಂಗಳು ತುಂಬಿದ್ದು? ಯಾವ ತಿಂಗಳ ಒಳಗೆ ಬಳಸಬೇಕು?

ಆಹಾರ ಇಲಾಖೆಯ ಪರವಾನಗಿ ಸಂಖ್ಯೆ ಇದೆಯೇ? ಅದರಲ್ಲಿ 14 ಅಂಕಿ ಇರುತ್ತವೆ. ಎಣಿಸಿ ನೋಡಿ.

ಬೆಲ್ಲದ ಜೊತೆ ಬೇರೆ ಏನು ಸೇರಿದೆ? ಅದನ್ನೂ ಪೊಟ್ಟಣದ ಮೇಲೆ ಬರೆದಿರಬೇಕು. ಅಕ್ಷರ ಸಣ್ಣದಿರಬಹುದು. ಬೆಳಕಿಗೆ ಹಿಡಿದು ಓದಿ. ಇಂಗ್ಲಿಷಿನಲ್ಲಿ ಇದ್ದರೆ ಅಂಗಡಿಯವರನ್ನು ಕೇಳಿ. ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಕೇಳಲು ನಾಚಿಕೆ ಬೇಡ. ದುಡ್ಡು ಕೊಡುವವರು ನಾವು.

ಹತ್ತಿರದಲ್ಲಿ ಆಲೆಮನೆ ಇದ್ದರೆ ಸಂಘದ ಅಕ್ಕಂದಿರು ಸೇರಿ ಅಲ್ಲಿಂದಲೇ ಕೊಳ್ಳಬಹುದು. ಹೇಗೆ ಮಾಡುತ್ತಾರೆ ಅಂತ ಕಣ್ಣಾರೆ ನೋಡಬಹುದು. "ಹೈಡ್ರೋಸ್ ಹಾಕದ ಬೆಲ್ಲ ಕೊಡಿ" ಅಂತ ಹೇಳಬಹುದು. ಒಬ್ಬರು ಹೇಳಿದರೆ ಕೇಳದವರು ಹತ್ತು ಜನ ಹೇಳಿದರೆ ಕೇಳುತ್ತಾರೆ.

ಬೆಲ್ಲ ಯಾಕೆ ಬೆವರುತ್ತದೆ?

ಮಳೆಗಾಲದಲ್ಲಿ ಉಪ್ಪು ನೀರಾಗುವುದನ್ನು ನೋಡಿದ್ದೀರಿ. ಬೆಲ್ಲವೂ ಹಾಗೇ. ಗಾಳಿಯಲ್ಲಿ ಇರುವ ತೇವವನ್ನು ಬೆಲ್ಲ ಎಳೆದುಕೊಳ್ಳುತ್ತದೆ. ಮೊದಲು ಮೇಲ್ಮೈ ಜಿಗುಟಾಗುತ್ತದೆ. ಆಮೇಲೆ ನೀರು ಒಸರುತ್ತದೆ. ತೇವ ಬಂದ ಕಡೆ ಬೂಷ್ಟು ಬರುತ್ತದೆ. ಬೆಲ್ಲ ಹುಳಿಯುತ್ತದೆ.

ಅಂದರೆ ಬೆಲ್ಲದ ಶತ್ರು ತೇವ. ತೇವ ತಾಗದಂತೆ ನೋಡಿಕೊಂಡರೆ ಗೆದ್ದಂತೆ.

ಹೀಗೆ ಇಡಿ

ಮಳೆ ಶುರುವಾಗುವ ಮೊದಲೇ ಬೆಲ್ಲ ತಂದು ಇಡಿ. ಮಳೆಗಾಲದಲ್ಲಿ ತಂದ ಬೆಲ್ಲಕ್ಕೆ ಅಂಗಡಿಯಲ್ಲೇ ತೇವ ತಾಗಿರುತ್ತದೆ. ಆಗ ಕೊಳ್ಳಬೇಕಾದರೆ ಸ್ವಲ್ಪ ಸ್ವಲ್ಪವೇ ಕೊಳ್ಳಿ.

ಸ್ಟೀಲ್ ಡಬ್ಬ, ಗಾಜಿನ ಬಾಟಲಿ, ಉಪ್ಪಿನಕಾಯಿ ಹಾಕುವ ಪಿಂಗಾಣಿ ಜಾಡಿ, ಇವು ಒಳ್ಳೆಯವು. ತೊಳೆದು, ಬಿಸಿಲಿಗೆ ಇಟ್ಟು, ಪೂರ್ತಿ ಒಣಗಿದ ಮೇಲೆ ಬೆಲ್ಲ ಹಾಕಿ. ಒಂದು ಹನಿ ನೀರೂ ಇರಬಾರದು. ಮುಚ್ಚಳ ಬಿಗಿ ಇರಬೇಕು. ತುಕ್ಕು ಹಿಡಿಯುವ ತಗಡಿನ ಡಬ್ಬ ಬೇಡ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆ ಬೇಡ.

ಹಳೆಯ ಪೇಪರಿನಲ್ಲಿ ಬೆಲ್ಲ ಸುತ್ತಬೇಡಿ. ಅಚ್ಚಿನ ಮಸಿ ಬೆಲ್ಲಕ್ಕೆ ಅಂಟುತ್ತದೆ.

ಎಲ್ಲಾ ಬೆಲ್ಲವನ್ನೂ ಒಂದೇ ಡಬ್ಬದಲ್ಲಿ ಇಡಬೇಡಿ. ದಿನ ಬಳಸಲು ಒಂದು ಸಣ್ಣ ಡಬ್ಬ ಇರಲಿ. ಉಳಿದದ್ದು ದೊಡ್ಡ ಡಬ್ಬದಲ್ಲಿ ಇರಲಿ. ದೊಡ್ಡ ಡಬ್ಬವನ್ನು ಪದೇ ಪದೇ ತೆರೆಯಬೇಡಿ. ತೆರೆದಷ್ಟು ಸಲ ತೇವದ ಗಾಳಿ ಒಳಗೆ ಹೋಗುತ್ತದೆ.

ಒದ್ದೆ ಕೈ, ಒದ್ದೆ ಚಮಚ ಹಾಕಬೇಡಿ. ಡಬ್ಬವನ್ನು ಒಲೆಯ ಹತ್ತಿರ, ನೀರಿನ ಕೊಡದ ಹತ್ತಿರ ಇಡಬೇಡಿ. ಅನ್ನದ ಹಬೆ, ಸಾರಿನ ಹಬೆ ತಾಗುತ್ತದೆ. ಗೋಡೆ ಸೋರುವ ಕಡೆ ಬೇಡ. ಬಿಸಿಲಿಗೂ ಇಡಬೇಡಿ. ಬಿಸಿಲಿಗೆ ಬೆಲ್ಲ ಮೆತ್ತಗಾಗುತ್ತದೆ, ನೊಣ ಬರುತ್ತದೆ.

ಬೆಲ್ಲ ಇದ್ದಲ್ಲಿ ಇರುವೆ. ಒಂದು ತಟ್ಟೆಯಲ್ಲಿ ನೀರು ಹಾಕಿ. ಮಧ್ಯೆ ಒಂದು ಬಟ್ಟಲನ್ನು ಬೋರಲು ಇಡಿ. ಅದರ ಮೇಲೆ ಡಬ್ಬ ಇಡಿ. ಡಬ್ಬಕ್ಕೆ ನೀರು ತಾಗಬಾರದು. ಇರುವೆ ನೀರು ದಾಟುವುದಿಲ್ಲ. ಡಬ್ಬದ ಸುತ್ತ ಇರುವೆ ಪುಡಿ ಹಾಕಬೇಡಿ. ಅದು ವಿಷ. ಕೈಗೆ ಅಂಟಿ ಬಾಯಿಗೆ ಹೋಗಬಹುದು.

ಇನ್ನೊಂದು ಕೆಲಸ. ಸಣ್ಣ ಚೀಟಿ ತೆಗೆದುಕೊಳ್ಳಿ. ಬೆಲ್ಲ ತಂದ ದಿನ, ತೂಕ, ಬೆಲೆ ಬರೆಯಿರಿ. ಡಬ್ಬಕ್ಕೆ ಅಂಟಿಸಿ. ಮೊದಲು ತಂದದ್ದನ್ನು ಮೊದಲು ಬಳಸಿ. ನಾವು ಈಗ ಹೀಗೇ ಮಾಡುತ್ತಿದ್ದೇವೆ. ಮನೆಗೆ ತಿಂಗಳಿಗೆ ಎಷ್ಟು ಬೆಲ್ಲ ಬೇಕು ಅನ್ನುವುದೂ ಇದರಿಂದ ಗೊತ್ತಾಯಿತು.

ಹಾಳಾಗುತ್ತಿದ್ದರೆ ಏನು ಮಾಡುವುದು?

ಬೆಲ್ಲ ಬರೀ ಜಿಗುಟಾಗಿದೆ. ಹುಳಿ ವಾಸನೆ ಇಲ್ಲ, ಬೂಷ್ಟು ಇಲ್ಲ. ಆಗ ಹಾಗೇ ಮುಚ್ಚಿಡಬೇಡಿ. ತೇವ ಒಳಗೇ ಉಳಿದು ಇನ್ನೂ ಕೆಡುತ್ತದೆ. ಒಂದು ಕಿಲೋ ಬೆಲ್ಲಕ್ಕೆ ಒಂದು ಲೋಟ ನೀರು ಹಾಕಿ ಕರಗಿಸಿ. ಬಟ್ಟೆಯಲ್ಲಿ ಸೋಸಿ. ಮತ್ತೆ ಗಟ್ಟಿ ಪಾಕ ಬರುವ ತನಕ ಕಾಯಿಸಿ. ತುಪ್ಪ ಸವರಿದ ತಟ್ಟೆಗೆ ಸುರಿಯಿರಿ. ಆರಿದ ಮೇಲೆ ತುಂಡು ಮಾಡಿ ಒಣ ಡಬ್ಬಕ್ಕೆ ಹಾಕಿ.

ಬೂಷ್ಟು ಬಂದಿದ್ದರೆ, ಹುಳಿ ವಾಸನೆ ಇದ್ದರೆ ಬಿಸಾಡಿ. ಮೇಲೆ ಕೆರೆದು ತಿನ್ನಬೇಡಿ. ದನಕ್ಕೂ ಹಾಕಬೇಡಿ.

ಬೆಲ್ಲ ಕಲ್ಲಿನಂತೆ ಗಟ್ಟಿಯಾಗಿದೆಯೇ? ಅದು ಕೆಟ್ಟಿಲ್ಲ. ಇಡ್ಲಿ ಪಾತ್ರೆಯಲ್ಲಿ ಎರಡು ನಿಮಿಷ ಹಬೆಗೆ ಇಡಿ. ಮೆತ್ತಗಾಗುತ್ತದೆ. ಅವತ್ತಿಗೆ ಬೇಕಾದಷ್ಟನ್ನೇ ಹಬೆಗೆ ಇಡಿ. ಹಬೆ ತಾಗಿದ್ದನ್ನು ಮತ್ತೆ ಡಬ್ಬಕ್ಕೆ ಹಾಕಬೇಡಿ.

ಅಡಿಗೆಯಲ್ಲಿ ಬೆಲ್ಲ

ಬೆಲ್ಲದಲ್ಲಿ ಕಬ್ಬಿನ ನಾರು, ಮರಳು ಇರಬಹುದು. ಪಾಯಸಕ್ಕೆ, ಉಂಡೆಗೆ ಹಾಕುವ ಮೊದಲು ನೀರಿನಲ್ಲಿ ಕರಗಿಸಿ ಸೋಸಿ.

ಪಾಯಸದ ಹಾಲು ಒಡೆಯಿತು ಅಂತ ಎಷ್ಟೋ ಅಕ್ಕಂದಿರು ಬೇಜಾರು ಮಾಡಿಕೊಳ್ಳುತ್ತಾರೆ. ಬೆಲ್ಲದಲ್ಲಿ ಸ್ವಲ್ಪ ಹುಳಿ ಅಂಶ ಇದೆ. ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಹಾಲು ಒಡೆಯುತ್ತದೆ. ಅದಕ್ಕೆ ಪಾಯಸವನ್ನು ಒಲೆಯಿಂದ ಇಳಿಸಿ. ಸ್ವಲ್ಪ ಆರಲಿ. ಕಾಯಿಸಿ ಆರಿಸಿದ ಹಾಲನ್ನು ಕೊನೆಗೆ ಸೇರಿಸಿ. ಮತ್ತೆ ಕುದಿಸಬೇಡಿ. ಕಾಯಿ ಹಾಲು ಹಾಕುವವರೂ ಕೊನೆಗೇ ಹಾಕಿ.

ಬೇಳೆ, ಅಕ್ಕಿ ಮೊದಲು ಚೆನ್ನಾಗಿ ಬೇಯಲಿ. ಆಮೇಲೆ ಬೆಲ್ಲ ಹಾಕಿ. ಮೊದಲೇ ಬೆಲ್ಲ ಹಾಕಿದರೆ ಬೇಳೆ ಬೇಗ ಬೇಯುವುದಿಲ್ಲ. ಸೌದೆಯೂ ದಂಡ, ಗ್ಯಾಸೂ ದಂಡ. ಹೆಸರುಬೇಳೆ ಪಾಯಸಕ್ಕೆ ಒಂದು ಲೋಟ ಬೇಳೆಗೆ ಒಂದೂವರೆ ಲೋಟ ಬೆಲ್ಲದ ಪುಡಿ ಸರಿಯಾಗುತ್ತದೆ.

ಹೋಳಿಗೆ ಹೂರಣಕ್ಕೂ ಇದೇ ಮಾತು. ಕಡಲೆಬೇಳೆಯನ್ನು ಬೇಯಿಸಿ ಕಟ್ಟು ಬಸಿಯಿರಿ. ಕಟ್ಟು ಸಾರಿಗೆ ಆಗುತ್ತದೆ, ಚೆಲ್ಲಬೇಡಿ. ಒಂದು ಕಿಲೋ ಬೇಳೆಗೆ ಒಂದು ಕಿಲೋ ಬೆಲ್ಲ. ಹೂರಣ ನೀರಾದರೆ ಗಾಬರಿ ಬೇಡ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಇರಿ. ಗಟ್ಟಿಯಾಗುತ್ತದೆ.

ಇನ್ನು ಉಂಡೆಯ ಪಾಕ. ಒಂದು ತಟ್ಟೆಯಲ್ಲಿ ತಣ್ಣೀರು ಇಡಿ. ಅದಕ್ಕೆ ಒಂದು ಹನಿ ಪಾಕ ಬಿಡಿ. ಹನಿ ನೀರಿನಲ್ಲಿ ಕರಗಿ ಹೋದರೆ ಪಾಕ ಬಂದಿಲ್ಲ. ಬೆರಳಿನಲ್ಲಿ ಮೆತ್ತಗೆ ಉಂಡೆಯಾದರೆ ಅದು ಉಂಡೆ ಪಾಕ. ತಂಬಿಟ್ಟಿಗೆ, ಎಳ್ಳುಂಡೆಗೆ ಸರಿ. ಗಟ್ಟಿಯಾಗಿ ಕಟ್ ಅಂತ ಮುರಿದರೆ ಗಟ್ಟಿ ಪಾಕ. ಕಡಲೆಕಾಯಿ ಚಿಕ್ಕಿಗೆ ಅದು ಬೇಕು. ಎರಡು ಲೋಟ ಹುರಿದ ಕಡಲೆಕಾಯಿ ಬೀಜಕ್ಕೆ ಒಂದು ಲೋಟ ಬೆಲ್ಲದ ಪುಡಿ ಸಾಕು. ಪಾಕ ತೀರಾ ಗಟ್ಟಿಯಾದರೆ ಒಂದು ಚಮಚ ನೀರು ಹಾಕಿ ಮತ್ತೆ ಬಿಸಿ ಮಾಡಿ. ಬಿಸಿ ಪಾಕ ಕೈಗೆ ಬಿದ್ದರೆ ಅಂಟಿಕೊಂಡು ಸುಡುತ್ತದೆ. ಪಾಕ ಮಾಡುವಾಗ ಮಕ್ಕಳನ್ನು ದೂರ ಇಡಿ.

ಹುಳಿ, ಸಾರು, ಗೊಜ್ಜಿಗೆ ಚೂರು ಬೆಲ್ಲ ಹಾಕಿದರೆ ಹುಣಿಸೆಯ ಹುಳಿ ಹದವಾಗುತ್ತದೆ. ಇದನ್ನು ನಿಮಗೆ ನಾವು ಹೇಳಿಕೊಡಬೇಕೇ?

ಬೆಲ್ಲ ಔಷಧಿಯೇ?

ಯುಗಾದಿಗೆ ಬೇವು ಬೆಲ್ಲ. ಸಂಕ್ರಾಂತಿಗೆ ಎಳ್ಳು ಬೆಲ್ಲ. ಬಿಸಿಲಲ್ಲಿ ಬಂದವರಿಗೆ ನೀರು ಬೆಲ್ಲ. ಬೆಲ್ಲ ಇಲ್ಲದೆ ನಮ್ಮ ಮನೆ ಇಲ್ಲ. ಅದಕ್ಕೇ ಬೆಲ್ಲದ ಮೇಲೆ ನಮಗೆ ನಂಬಿಕೆ ಜಾಸ್ತಿ. ಕೆಲವು ನಂಬಿಕೆ ಮಾತ್ರ ಸರಿಯಲ್ಲ.

"ಬೆಲ್ಲ ತಿಂದರೆ ರಕ್ತ ಆಗುತ್ತದೆ" ಅಂತಾರೆ. ಬೆಲ್ಲದಲ್ಲಿ ಕಬ್ಬಿಣದ ಅಂಶ ಇದೆ, ನಿಜ. ಆದರೆ ಕಡಿಮೆ. ಬಸುರಿಯರಿಗೆ ಆಸ್ಪತ್ರೆಯಲ್ಲಿ ಕೊಡುವ ಒಂದು ಕಬ್ಬಿಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇದೆ. ಒಂದು ಸಣ್ಣ ಉಂಡೆ ಬೆಲ್ಲದಲ್ಲಿ ಅದರ ಹತ್ತರಲ್ಲಿ ಒಂದು ಪಾಲೂ ಇಲ್ಲ. 2019ರಿಂದ 2021ರ ತನಕ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ನೂರು ಹೆಂಗಸರಲ್ಲಿ ಸುಮಾರು 48 ಜನರಿಗೆ ರಕ್ತ ಕಡಿಮೆ. ಬೆಲ್ಲ ತಿಂದರೆ ಸಾಕು ಅಂತ ಮಾತ್ರೆ ಬಿಟ್ಟರೆ ಅದು ಮೊಣಕೈಗೆ ಬೆಲ್ಲ ಹಚ್ಚಿದ ಹಾಗೆ. ಇದ್ದಂತೆ ಕಾಣುತ್ತದೆ, ನಾಲಿಗೆಗೆ ಸಿಗುವುದಿಲ್ಲ. ಬಸುರಿಯರು ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಮಾತ್ರೆ ನುಂಗಬೇಕು. ಸೊಪ್ಪು, ಕಾಳು, ರಾಗಿ ತಿನ್ನಿ. ಜೊತೆಗೆ ನಿಂಬೆಹಣ್ಣು ಹಿಂಡಿಕೊಳ್ಳಿ. ಊಟದ ಜೊತೆಗೇ ಟೀ, ಕಾಫಿ ಬೇಡ.

"ಸಕ್ಕರೆ ಕಾಯಿಲೆಗೆ ಸಕ್ಕರೆ ಬೇಡ, ಬೆಲ್ಲ ಆಗುತ್ತದೆ" ಅಂತಾರೆ. ಇದು ತಪ್ಪು. ನೂರು ಗ್ರಾಂ ಬೆಲ್ಲದಲ್ಲಿ 80 ಗ್ರಾಮಿಗಿಂತ ಹೆಚ್ಚು ಸಿಹಿ ಅಂಶವೇ. ಅದು ರಕ್ತದಲ್ಲಿ ಸಕ್ಕರೆಯನ್ನು ಏರಿಸುತ್ತದೆ. ಮನೆಯ ಹಿರಿಯರು ಬೆಲ್ಲದ ಕಾಫಿ ಕುಡಿದು "ನಾನು ಸಕ್ಕರೆ ಮುಟ್ಟಿಲ್ಲ" ಅಂದರೆ, ಮೆಲ್ಲಗೆ ಇದನ್ನು ಓದಿ ಹೇಳಿ.

"ಹುಟ್ಟಿದ ಕೂಸಿನ ಬಾಯಿಗೆ ಬೆಲ್ಲದ ನೀರು" ಅಂತಾರೆ. ದಯವಿಟ್ಟು ಬೇಡ. ಹುಟ್ಟಿದ ಒಂದು ಗಂಟೆಯ ಒಳಗೆ ತಾಯಿಯ ಎದೆಹಾಲು ಕೊಡಿ. ಆರು ತಿಂಗಳು ಬರೀ ಎದೆಹಾಲು. ಕೂಸಿಗೆ ಅದೇ ಸಿಹಿ, ಅದೇ ಔಷಧಿ. ಆಮೇಲೆ ಮೆತ್ತಗಿನ ಅನ್ನ, ಬೇಳೆ, ರಾಗಿ ಗಂಜಿ ಕೊಡಿ. ಅದಕ್ಕೂ ಬೆಲ್ಲದ ರೂಢಿ ಮಾಡಿಸಬೇಡಿ.

ದೊಡ್ಡವರು ಬೆಲ್ಲ ತಿನ್ನಲಿ. ಹಬ್ಬ ಮಾಡಲಿ. ಮಿತಿ ಇರಲಿ. ತಿಂದ ಮೇಲೆ ಬಾಯಿ ಮುಕ್ಕಳಿಸಲಿ. ಹಲ್ಲು ಉಳಿಯುತ್ತದೆ.

ನೆನಪಿಡಿ

ಹಳದಿ ಬಣ್ಣಕ್ಕೆ ಮರುಳಾಗಬೇಡಿ.
ಪೊಟ್ಟಣ ಓದಿ ಕೊಳ್ಳಿ.
ಒಣ ಡಬ್ಬ, ಒಣ ಕೈ, ಬಿಗಿ ಮುಚ್ಚಳ.
ಬೇಳೆ ಬೆಂದ ಮೇಲೆ ಬೆಲ್ಲ. ಪಾಯಸ ಆರಿದ ಮೇಲೆ ಹಾಲು.
ಬೆಲ್ಲ ಆಹಾರ. ಬೆಲ್ಲ ಮಾತ್ರೆಯಲ್ಲ.

ಮಾತಾಡೋಣ, ಬರೆಯೋಣ

ನಿಮ್ಮ ಮನೆಯಲ್ಲಿ ಬೆಲ್ಲವನ್ನು ಎಲ್ಲಿ ಇಡುತ್ತೀರಿ? ಆ ಜಾಗ ಒಣಗಿದೆಯೇ? ಇವತ್ತೇ ಮುಟ್ಟಿ ನೋಡಿ.

ನಿಮ್ಮ ಅಜ್ಜಿ ಬೆಲ್ಲವನ್ನು ಹೇಗೆ ಕಾಪಾಡುತ್ತಿದ್ದರು? ಅದು ಈಗಲೂ ನಡೆಯುತ್ತದೆಯೇ? ಕೇಂದ್ರದಲ್ಲಿ ಎಲ್ಲರಿಗೂ ಹೇಳಿ.

ನಿಮ್ಮ ಬೆಲ್ಲದ ಡಬ್ಬಕ್ಕೆ ಒಂದು ಚೀಟಿ ಬರೆಯಿರಿ. ತಂದ ದಿನ, ತೂಕ, ಬೆಲೆ. ನಿಮ್ಮ ಕೈಬರಹದಲ್ಲೇ ಬರೆಯಿರಿ.

ಈ ಸಲದ ಗೌರಿ ಹಬ್ಬಕ್ಕೆ ನಮ್ಮ ಡಬ್ಬದಲ್ಲಿ ಬೆಲ್ಲ ಒಣಗಿಯೇ ಇರುತ್ತದೆ. ನಿಮ್ಮದೂ ಹಾಗೇ ಇರಲಿ.